ಕಾಲ್ನಡಿಗೆ, ಸೈಕಲ್‌ಗೆ ಕೇಬಲ್ ಸೇತುವೆ: ಬಲದ ಜೊತೆಗೆ ಅಲುಗಾಟವನ್ನೂ ತುಕ್ಕನ್ನೂ ವಿಚಾರಿಸಿ

ಪ್ರಶ್ನೆ: ನಮ್ಮ ನಗರದ ನದಿಗೆ ಅಡ್ಡಲಾಗಿ, ನಡೆಯುವವರಿಗೂ ಸೈಕಲ್‌ನವರಿಗೂ ಮಾತ್ರ ಮೀಸಲಾದ ಸೇತುವೆಯ ಪ್ರಸ್ತಾವ ಬಂದಿದೆ. ಒಂದು ದಡದಲ್ಲಿ ಎತ್ತರದ ಕಂಬ, ಅದರಿಂದ ಓರೆಯಾಗಿ ಇಳಿಯುವ ಕೇಬಲ್‌ಗಳು, ನೀರಿನ ಮೇಲೆ 110 ಮೀಟರ್ ಉದ್ದ, 4 ಮೀಟರ್ ಅಗಲ. ಚಿತ್ರದಲ್ಲಿ ಕೇಬಲ್‌ಗಳು ಬಹಳ ಸಣ್ಣವಾಗಿ ಕಾಣುತ್ತವೆ. ಜನ ತುಂಬಿದರೆ ಅವು ತಡೆಯುತ್ತವೆಯೆ? ಒಂದು ಕೇಬಲ್ ತುಂಡಾದರೆ ಏನು ಗತಿ? ಇಂಥ ಸೇತುವೆಗಳು ಅಲುಗಾಡುತ್ತವೆ ಎನ್ನುವುದು ನಿಜವೆ? ನಾಗರಿಕರ ಸಭೆ ಕರೆದಿದ್ದಾರೆ, ಅಲ್ಲಿ ನಾವು ಏನೇನು ಕೇಳಬೇಕು?

ಉತ್ತರ: ನಿಮ್ಮ ಮೊದಲ ಭಯಕ್ಕೆ ಉತ್ತರ ಸುಲಭ. ಕೇಬಲ್ ಭಾರ ತಡೆಯುತ್ತದೆಯೆ ಎಂಬುದು ಈ ಬಗೆಯ ಸೇತುವೆಯಲ್ಲಿ ಅತ್ಯಂತ ಖಚಿತವಾಗಿ ಲೆಕ್ಕ ಹಾಕಬಹುದಾದ ಸಂಗತಿ. ತೊಂದರೆ ಬರುವುದು ಸಾಮಾನ್ಯವಾಗಿ ಬೇರೆ ಎರಡು ಕಡೆಯಿಂದ. ಸೇತುವೆ ಹಗುರವಾಗಿರುವುದರಿಂದ ಜನರ ಹೆಜ್ಜೆಗೆ ಅದು ಅಲುಗುತ್ತದೆ. ಕೇಬಲ್ ಡೆಕ್ಕನ್ನು, ಎಂದರೆ ಜನ ನಡೆಯುವ ಹಾಸನ್ನು, ಸೇರುವ ಕೆಳತುದಿಯಲ್ಲಿ ನೀರು ನಿಂತು, ಯಾರ ಕಣ್ಣಿಗೂ ಬೀಳದಂತೆ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಸಭೆಯಲ್ಲಿ ಹೆಚ್ಚು ಸಮಯವನ್ನು ಈ ಎರಡಕ್ಕೆ ಕೊಡಿ. ಆದರೂ ಭಾರದ ಲೆಕ್ಕ ಗೊತ್ತಿರಲಿ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕೇಬಲ್ ಕಂಡದ್ದಕ್ಕೆಲ್ಲ ನಾವು ತೂಗುಸೇತುವೆ ಎನ್ನುತ್ತೇವೆ. ತೂಗುಸೇತುವೆಯಲ್ಲಿ ದಡದಿಂದ ದಡಕ್ಕೆ ಜೋತುಬಿದ್ದ ಮುಖ್ಯ ಹಗ್ಗವೊಂದಿದ್ದು, ಅದರಿಂದ ಸಣ್ಣ ತಂತಿಗಳು ನೇರವಾಗಿ ಇಳಿದು ಡೆಕ್ಕನ್ನು ಹಿಡಿದಿರುತ್ತವೆ. ನಿಮ್ಮ ಊರಿಗೆ ಬರಲಿರುವುದು ಅದಲ್ಲ. ಇದರಲ್ಲಿ ಒಂದೊಂದು ಕೇಬಲ್ಲೂ ಕಂಬದಿಂದ ಓರೆಯಾಗಿ ಬಂದು ಡೆಕ್ಕನ್ನು ನೇರವಾಗಿ ಎತ್ತಿ ಹಿಡಿಯುತ್ತದೆ. ಈ ಬಗೆಯ ಮೊದಲ ಆಧುನಿಕ ಸೇತುವೆ ಎಂದು ಸಾಮಾನ್ಯವಾಗಿ ಹೆಸರಿಸುವುದು ಸ್ವೀಡನ್‌ನ ಸ್ಟ್ರೋಮ್‌ಸುಂಡ್ ಸೇತುವೆಯನ್ನು. ಜರ್ಮನಿಯ ಫ್ರಾನ್ಜ್ ಡಿಶಿಂಗರ್ ವಿನ್ಯಾಸಗೊಳಿಸಿದ ಅದು ಮುಗಿದದ್ದು 1955ರಲ್ಲಿ.

ಓರೆ ಕೇಬಲ್‌ಗೆ ಒಂದು ಗುಣವಿದೆ. ಅದು ಡೆಕ್ಕನ್ನು ಮೇಲಕ್ಕೆ ಎಳೆಯುವುದರ ಜೊತೆಗೆ ಕಂಬದ ಕಡೆಗೂ ಎಳೆಯುತ್ತದೆ. 10 ಟನ್ ಭಾರವನ್ನು ಎತ್ತಿ ಹಿಡಿಯಲು 45 ಡಿಗ್ರಿ ಓರೆಯ ಕೇಬಲ್‌ನಲ್ಲಿ 14 ಟನ್ ಎಳೆತ ಬೇಕು, ಆಗ ಡೆಕ್ ಮೇಲೆ ಉದ್ದುದ್ದಕ್ಕೆ ಬೀಳುವ ಒತ್ತಡ 10 ಟನ್. ಓರೆ 25 ಡಿಗ್ರಿಗೆ ಇಳಿದರೆ ಅದೇ 10 ಟನ್ನಿಗೆ ಸುಮಾರು 24 ಟನ್ ಎಳೆತ, 21 ಟನ್ನಿಗೂ ಮೀರಿದ ಒತ್ತಡ. ಆದ್ದರಿಂದಲೇ ದೂರದ ಕೇಬಲ್ 25 ಡಿಗ್ರಿಗಿಂತ ಚಪ್ಪಟೆಯಾಗದಂತೆ ಕಂಬವನ್ನು ಎತ್ತರಿಸುತ್ತಾರೆ. ಎರಡು ಕಂಬಗಳಿದ್ದರೆ ಡೆಕ್‌ನಿಂದ ಮೇಲಿನ ಎತ್ತರ ಮುಖ್ಯ ಸ್ಪ್ಯಾನ್‌ನ (ಆಧಾರಗಳ ನಡುವಿನ ಉದ್ದದ) ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಸಾಕು. ನಿಮ್ಮದರಂತೆ ಒಂದೇ ಕಂಬವಾದರೆ ಅದರ ಇಮ್ಮಡಿ, ಎಂದರೆ 45 ಮೀಟರ್ ಆಸುಪಾಸು. ಅಷ್ಟು ಎತ್ತರ ಶೋಕಿಗಲ್ಲ.

ಈಗ ಭಾರ. 110 ಮೀಟರ್ ಉದ್ದ, 4 ಮೀಟರ್ ಅಗಲ ಎಂದರೆ 440 ಚದರ ಮೀಟರ್. ಯುರೋಪಿನ ನಿಯಮಾವಳಿಯಾದ ಯುರೋಕೋಡ್ ಒತ್ತೊತ್ತಾಗಿ ನಿಂತ ಜನರಿಗೆ ಚದರ ಮೀಟರಿಗೆ 5 ಕಿಲೋನ್ಯೂಟನ್, ಎಂದರೆ ಸುಮಾರು 500 ಕಿಲೋ ಹಿಡಿಯುತ್ತದೆ. ಆರೇಳು ಮಂದಿ ಒಂದು ಮೀಟರ್ ಚೌಕದಲ್ಲಿ ನಿಂತಂತೆ. ಹಾಗೆ ಒಟ್ಟು 220 ಟನ್. ಸೇತುವೆ ಉದ್ದವಾದಷ್ಟೂ ಅದು ಪೂರ್ತಿ ತುಂಬುವ ಸಂಭವ ಕಡಿಮೆ ಎಂಬ ಕಾರಣಕ್ಕೆ ಈ ಅಂಕಿಯನ್ನು ತಗ್ಗಿಸಲು ಅದೇ ನಿಯಮಾವಳಿಯಲ್ಲಿ ಅವಕಾಶವಿದೆ: 120ನ್ನು ಸ್ಪ್ಯಾನ್‌ಗೆ 30 ಕೂಡಿಸಿದ ಮೊತ್ತದಿಂದ ಭಾಗಿಸಿ, 2 ಸೇರಿಸಬೇಕು. 110 ಮೀಟರಿಗೆ ಅದು ಸುಮಾರು 2.9 ಕಿಲೋನ್ಯೂಟನ್ ಆಗುತ್ತದೆ, ಒಟ್ಟು ಭಾರ 130 ಟನ್ನಿನ ಒಳಗೆ ಇಳಿಯುತ್ತದೆ. ಊರ ಹೊರಗಿನ ಹಾದಿಗೆ ಈ ರಿಯಾಯಿತಿ ಸರಿ. ನಗರದ ನಡುವಿನ ಸೇತುವೆಗೆ ನಾನು ಒಪ್ಪುವುದಿಲ್ಲ. ಪಟಾಕಿ ಪ್ರದರ್ಶನವೋ ದೋಣಿ ಸ್ಪರ್ಧೆಯೋ ನಡೆದ ದಿನ ಜನ ಸೇತುವೆಯ ಮೇಲೇ ನಿಂತು ನೋಡುತ್ತಾರೆ, ಅದೂ ಎಲ್ಲರೂ ಒಂದೇ ಅಂಚಿಗೆ ಒತ್ತಿಕೊಂಡು. ಪೂರ್ತಿ 5 ಕಿಲೋನ್ಯೂಟನ್ ಹಿಡಿದಿದ್ದೀರಾ, ಅರ್ಧ ಅಗಲ ಮಾತ್ರ ತುಂಬಿದಾಗ ಡೆಕ್ ಎಷ್ಟು ತಿರುಚುತ್ತದೆ ಎಂದು ನೋಡಿದ್ದೀರಾ, ಎಂದು ಕೇಳಿ.

ಒಂದು ಕೇಬಲ್‌ನ ಲೆಕ್ಕ ನೀವೇ ಹಾಕಬಹುದು. ಎರಡೂ ಅಂಚಿನಲ್ಲಿ ಕೇಬಲ್‌ಗಳಿದ್ದು, 10 ಮೀಟರಿಗೊಂದರಂತೆ ಇವೆ ಎಂದುಕೊಳ್ಳಿ. ಒಂದು ಕೇಬಲ್ಲಿಗೆ 20 ಚದರ ಮೀಟರ್ ಪಾಲು. ಉಕ್ಕಿನ ಡೆಕ್ ಚದರ ಮೀಟರಿಗೆ 300 ಕಿಲೋ, ಜನ 500 ಕಿಲೋ, ಒಟ್ಟು 16 ಟನ್. ಓರೆ 30 ಡಿಗ್ರಿ ಇದ್ದರೆ ಎಳೆತ 32 ಟನ್. ಏಳು ಎಳೆಗಳನ್ನು ಹೊಸೆದ 15.7 ಮಿಲಿಮೀಟರ್‌ನ ಒಂದು ಸ್ಟ್ರ್ಯಾಂಡ್ ಕಡಿಯಲು ಸುಮಾರು 28 ಟನ್ ಬೇಕು. ಆದರೆ ಕೇಬಲ್ ಸೇತುವೆಯಲ್ಲಿ ಅದರ ಶೇ. 45ರಷ್ಟನ್ನು ಮಾತ್ರ ಬಳಸುವುದು ವಾಡಿಕೆ, ಎಂದರೆ 12.5 ಟನ್. ಅಲ್ಲಿಗೆ ಮೂರು ಸ್ಟ್ರ್ಯಾಂಡ್ ಸಾಕು. ಚಿತ್ರದಲ್ಲಿ ಕೇಬಲ್ ಹೆಬ್ಬೆರಳಿಗಿಂತ ತುಸು ದಪ್ಪವಾಗಿ ಕಂಡಿದ್ದರೆ ಅದು ತಪ್ಪಲ್ಲ. ಶೇ. 55ನ್ನು ಬಿಟ್ಟಿರುವುದು ಬರೀ ಸುರಕ್ಷತೆಗೆ ಎಂದುಕೊಳ್ಳಬೇಡಿ, ಎಳೆತ ಮತ್ತೆ ಮತ್ತೆ ಏರಿಳಿದು ಉಕ್ಕು ಸೋಲುವ ದಣಿವಿಗೂ ಅದು ಬೇಕು. ವಾಹನಗಳ ದೊಡ್ಡ ಸೇತುವೆಯಲ್ಲಿ ಸೇತುವೆಯ ಸ್ವಂತ ತೂಕವೇ ಬಹುಪಾಲು, ಹೋಗಿಬರುವ ಭಾರ ಸ್ವಲ್ಪ. ಇಲ್ಲಿ ತಿರುವುಮುರುವು: ಜನರ ಭಾರವೇ ಡೆಕ್‌ನ ತೂಕಕ್ಕಿಂತ ಹೆಚ್ಚು. ಹಾಗಾಗಿ ಖಾಲಿ ಸೇತುವೆಗೂ ತುಂಬಿದ ಸೇತುವೆಗೂ ನಡುವೆ ಕೇಬಲ್‌ನ ಎಳೆತ ಎರಡೂವರೆ ಪಟ್ಟಿಗೂ ಮೀರಿ ಏರಿಳಿಯಬಹುದು.

ಕಂಬದ ಹಿಂಬದಿಗೂ ಒಂದು ಮಾತು. ನದಿಯ ಕಡೆಯ ಕೇಬಲ್‌ಗಳು ಕಂಬವನ್ನು ಮುಂದಕ್ಕೆ ಬಾಗಿಸುತ್ತವೆ. ಹಿಂದಿನ ಕೇಬಲ್‌ಗಳು ಅದನ್ನು ದಡಕ್ಕೆ ಬಿಗಿಯುತ್ತವೆ, ಆ ಎಳೆತವೆಲ್ಲ ನೆಲದೊಳಗಿನ ಕಾಂಕ್ರೀಟ್ ಗಡ್ಡೆಗೆ ಬರುತ್ತದೆ. ಕಾಂಕ್ರೀಟ್ ಘನ ಮೀಟರಿಗೆ 2.4 ಟನ್ ತೂಗುತ್ತದೆ ನಿಜ. ನದಿ ಉಕ್ಕಿ ಗಡ್ಡೆ ಮುಳುಗಿತು ಎಂದರೆ ನೀರು ಅದನ್ನು ಘನ ಮೀಟರಿಗೆ 1 ಟನ್ನಿನಷ್ಟು ಎತ್ತುತ್ತದೆ, ಉಳಿಯುವುದು 1.4 ಟನ್. ಪ್ರವಾಹದ ಮಟ್ಟಕ್ಕೆ ಈ ಲೆಕ್ಕ ಹಾಕಿದ್ದಾರೆಯೆ ಎಂದು ತಿಳಿದುಕೊಳ್ಳಿ. ಹಿಂದಿನ ಕೇಬಲ್‌ಗಳನ್ನೇ ಕೈಬಿಟ್ಟು, ಹಿಂದಕ್ಕೆ ವಾಲಿಸಿದ ಕಂಬದ ತೂಕದಿಂದಲೇ ಡೆಕ್ಕನ್ನು ಹಿಡಿದಿಡುವ ಮಾದರಿಯೂ ಉಂಟು. ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವಾ ಸ್ಪೇನಿನ ಸೆವಿಯಾದಲ್ಲಿ 1992ರಲ್ಲಿ ಕಟ್ಟಿದ ಅಲಮಿಯೊ ಸೇತುವೆ, ಕ್ಯಾಲಿಫೋರ್ನಿಯಾದ ರೆಡಿಂಗ್‌ನಲ್ಲಿ 2004ರಲ್ಲಿ ತೆರೆದ ಸನ್‌ಡಯಲ್ ಕಾಲುಸೇತುವೆ ಹೀಗಿವೆ. ನೋಡಲು ಬೆರಗು ಹುಟ್ಟಿಸುತ್ತವೆ. ಆದರೆ ಹಿಂದಿನ ನಾಲ್ಕು ಕೇಬಲ್ ಅಗ್ಗದಲ್ಲಿ ಮಾಡುವ ಕೆಲಸವನ್ನು ಸಾವಿರಾರು ಟನ್ ಉಕ್ಕು, ಕಾಂಕ್ರೀಟಿನಿಂದ ಮಾಡಿಸಿದಂತೆ. ದುಡ್ಡು ಬಿಗಿಯಾಗಿರುವ ನಗರ ಆ ಹಾದಿ ಹಿಡಿಯಬಾರದು ಎನ್ನುವುದು ನನ್ನ ಅಭಿಪ್ರಾಯ.

ಒಂದು ಕೇಬಲ್ ತುಂಡಾದರೆ? ಸರಿಯಾಗಿ ವಿನ್ಯಾಸ ಮಾಡಿದ ಸೇತುವೆ ಬೀಳಬಾರದು. ಯಾವುದೇ ಒಂದು ಕೇಬಲ್ ಹಠಾತ್ತನೆ ಕಡಿದುಹೋಯಿತು ಎಂದು ಊಹಿಸಿ, ಅದು ಹಿಡಿದಿದ್ದ ಬಲದ ಇಮ್ಮಡಿಯಷ್ಟು ಪೆಟ್ಟು ಸೇತುವೆಗೆ ಬಿತ್ತು ಎಂದು ಲೆಕ್ಕ ಹಾಕುತ್ತಾರೆ. ಬಿಗಿದ ಹಗ್ಗ ಕಡಿದಾಗ ಭಾರ ನಿಧಾನವಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಜಗ್ಗಿ ಬೀಳುತ್ತದೆ, ಅದಕ್ಕೆ ಈ ಇಮ್ಮಡಿ. ಇದರಿಂದ ಒಂದು ಸಲಹೆ ಹುಟ್ಟುತ್ತದೆ: ನಾಲ್ಕು ದಪ್ಪ ಕೇಬಲ್‌ಗಳಿಗಿಂತ ಹತ್ತು ಸಣ್ಣ ಕೇಬಲ್‌ಗಳು ಮೇಲು. ಒಂದು ಹೋದರೆ ಅಕ್ಕಪಕ್ಕದವು ಹಂಚಿಕೊಳ್ಳುತ್ತವೆ. ಜೊತೆಗೆ, ಸೇತುವೆ ನಿಂತಿರುವಾಗಲೇ ಒಂದು ಕೇಬಲ್ ಬಿಚ್ಚಿ ಹೊಸದು ಹಾಕುವ ಕ್ರಮ ನಕಾಶೆಯಲ್ಲೇ ಬರೆದಿರಬೇಕು. ಕೇಬಲ್ ಎಳೆಯುವ ಜ್ಯಾಕ್ ಇಡಲು ಆಂಕರ್‌ನ (ಕೇಬಲ್‌ನ ತುದಿಯನ್ನು ಹಿಡಿದಿಡುವ ಜೋಡಣೆಯ) ಹಿಂದೆ ಜಾಗವಿಲ್ಲದೆ, ಮುಂದೆ ಕೇಬಲ್ ಬದಲಿಸಲು ಡೆಕ್ಕನ್ನೇ ಕೊರೆಯಬೇಕಾದ ಪರಿಸ್ಥಿತಿ ತಂದುಕೊಳ್ಳುವುದು ಬೇಡ.

ಇನ್ನು ಅಲುಗಾಟ. ಇದು ನಿಜವಾದ ವಿಷಯ.

ಮನುಷ್ಯ ನಡೆಯುವಾಗ ಸೆಕೆಂಡಿಗೆ ಸುಮಾರು 2 ಹೆಜ್ಜೆ ಇಡುತ್ತಾನೆ, ನಿಧಾನಿಗೆ 1.6, ಅವಸರದವನಿಗೆ 2.4. ಸೇತುವೆ ಕೆಳಮೇಲಾಗುವ ಸಹಜ ಆವೃತ್ತಿ, ಎಂದರೆ ಸೆಕೆಂಡಿಗೆ ಎಷ್ಟು ಸಲ ಅದು ತಾನಾಗಿ ಅಲುಗುತ್ತದೆ ಎಂಬುದು, ಇದೇ ಅಂಕಿಗೆ ಹೊಂದಿದರೆ ಒಂದೊಂದು ಹೆಜ್ಜೆಯೂ ಉಯ್ಯಾಲೆಯನ್ನು ಹದವಾಗಿ ತಳ್ಳಿದಂತೆ ಆಗುತ್ತದೆ. ಇದಿಷ್ಟೇ ಆಗಿದ್ದರೆ ನಿಭಾಯಿಸುವುದು ಕಷ್ಟವಿರಲಿಲ್ಲ. ನಡೆಯುವಾಗ ಎಡಗಾಲು ಒಂದು ಬದಿಗೆ, ಬಲಗಾಲು ಇನ್ನೊಂದು ಬದಿಗೆ ಡೆಕ್ಕನ್ನು ಮೆಲ್ಲನೆ ತಳ್ಳುತ್ತವೆ. ಆ ಅಡ್ಡ ತಳ್ಳಾಟ ಹೆಜ್ಜೆಯ ಅರ್ಧ ವೇಗದಲ್ಲಿ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ. ಬಲ ಬಹಳ ಸಣ್ಣದು, ಒಬ್ಬ ಮನುಷ್ಯನಿಗೆ 3 ಅಥವಾ 4 ಕಿಲೋ ತೂಕದಷ್ಟು. ಆದರೆ ನೆಲ ಅಡ್ಡಕ್ಕೆ ಸ್ವಲ್ಪ ಜರುಗಿದೊಡನೆ ಬೀಳದಿರಲು ನಾವು ತಿಳಿಯದೆಯೇ ಕಾಲನ್ನು ಅಗಲಿಸಿ, ನೆಲದ ಓಲಾಟಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತೇವೆ. ಎಲ್ಲರೂ ಹಾಗೇ ಮಾಡುವುದರಿಂದ, ಅದುವರೆಗೆ ಚೆಲ್ಲಾಪಿಲ್ಲಿಯಾಗಿದ್ದ ತಳ್ಳಾಟ ಓಲಾಟದ ತಾಳಕ್ಕೆ ಸೇರಿಕೊಂಡು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಲಂಡನ್ನಿನ ಮಿಲೆನಿಯಂ ಸೇತುವೆಯಲ್ಲಿ ನಡೆದದ್ದು ಇದೇ. 2000ದ ಜೂನ್ 10ರಂದು ತೆರೆದರು, ಜನ ಮುಗಿಬಿದ್ದರು, ಸೇತುವೆ ಅಡ್ಡಡ್ಡ ಓಲಾಡಿತು, 12ರಂದು ಮುಚ್ಚಿದರು. ಮತ್ತೆ ತೆರೆದದ್ದು 2002ರ ಫೆಬ್ರುವರಿಯಲ್ಲಿ, ಅಲುಗಾಟ ತಗ್ಗಿಸುವ 37 ದ್ರವ ಡ್ಯಾಂಪರ್‌ಗಳನ್ನೂ 50ಕ್ಕೂ ಹೆಚ್ಚು ತೂಕದ ಡ್ಯಾಂಪರ್‌ಗಳನ್ನೂ ಕೂರಿಸಿದ ಮೇಲೆ. ಅದು ತೂಗುಸೇತುವೆ ಜಾತಿಯದು, ನಮ್ಮದಕ್ಕೆ ಈ ಭಯವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಜಪಾನಿನ ತೋದಾ ನಗರದಲ್ಲಿ ದೋಣಿ ಪಂದ್ಯದ ಕ್ರೀಡಾಂಗಣಕ್ಕೆ ಹೋಗುವ ಕಾಲುಸೇತುವೆ ನಿಮ್ಮದರಂತೆಯೇ ಓರೆ ಕೇಬಲ್‌ನದು. ಪಂದ್ಯ ಮುಗಿದು ಜನ ಒಟ್ಟಿಗೆ ಹೊರಟಾಗ ಅದರ ಡೆಕ್ ಸೆಕೆಂಡಿಗೆ ಸುಮಾರು 0.9 ಬಾರಿ ಅಡ್ಡಕ್ಕೆ ಓಲಾಡುತ್ತಿದ್ದುದನ್ನು ಸಂಶೋಧಕ ಫುಜಿನೊ ಮತ್ತು ಸಂಗಡಿಗರು ಅಳೆದು, 1993ರಲ್ಲೇ ಪ್ರಕಟಿಸಿದ್ದರು. ಅದು ಅಚ್ಚಾದದ್ದು ಭೂಕಂಪ ಎಂಜಿನಿಯರಿಂಗ್‌ನ ಪತ್ರಿಕೆಯಲ್ಲಿ. ಏಳು ವರ್ಷಗಳ ನಂತರವೂ ಆ ತಿಳಿವಳಿಕೆ ಕಾಲುಸೇತುವೆಯ ವಿನ್ಯಾಸಕ್ಕೆ ಬಂದಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಲಂಡನ್ನಿನ ಆ ಸೇತುವೆಯ ಪರೀಕ್ಷೆಗಳಿಂದ ಸಿಕ್ಕ ಒಂದು ಕೈಲೆಕ್ಕ ಸಭೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಓಲಾಟ ಕೈಮೀರಲು ಎಷ್ಟು ಜನ ಬೇಕು ಎಂದು ಅದು ಹೇಳುತ್ತದೆ. 25ನ್ನು ಡ್ಯಾಂಪಿಂಗ್ ಅನುಪಾತದಿಂದ, ಅಡ್ಡ ಓಲಾಟದ ಆವೃತ್ತಿಯಿಂದ, ಓಲಾಡುವ ಭಾಗದ ತೂಕದಿಂದ (ಕಿಲೋಗಳಲ್ಲಿ) ಗುಣಿಸಿ, 300ರಿಂದ ಭಾಗಿಸಬೇಕು. ಡ್ಯಾಂಪಿಂಗ್ ಎಂದರೆ ಅಲುಗಾಟವನ್ನು ಸೇತುವೆ ತಾನೇ ನುಂಗಿಕೊಳ್ಳುವ ಗುಣ. ಉಕ್ಕಿನ ಸೇತುವೆಯಲ್ಲಿ ಅದು ಶೇ. 0.5ಕ್ಕಿಂತ (ಲೆಕ್ಕದಲ್ಲಿ 0.005) ಹೆಚ್ಚಿರುವುದು ಅಪರೂಪ. ನಿಮ್ಮ ಸೇತುವೆಯ ಓಲಾಡುವ ಭಾಗ 60 ಟನ್, ಆವೃತ್ತಿ 0.9 ಎಂದು ಇಟ್ಟುಕೊಂಡರೆ ಉತ್ತರ 23 ಬರುತ್ತದೆ. ಇಪ್ಪತ್ತಮೂರು ಜನ ಮಾತ್ರ! ಡ್ಯಾಂಪರ್ ಹಾಕಿ ಡ್ಯಾಂಪಿಂಗನ್ನು ಶೇ. 5ಕ್ಕೆ ಏರಿಸಿದರೆ ಅದು 230ರ ಹತ್ತಿರ ಬರುತ್ತದೆ. ಆವೃತ್ತಿ 0.5ರಿಂದ 1ರ ನಡುವೆ ಇರುವ ಸೇತುವೆಗಳಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ, ನಿಖರ ವಿಶ್ಲೇಷಣೆಗೆ ಇದು ಬದಲಿಯಲ್ಲ. ಆದರೂ ಡ್ಯಾಂಪರ್ ಬೇಡವೆನ್ನುವವರು ತಮ್ಮ ಸೇತುವೆಯ ಅಂಕಿ ಎಷ್ಟೆಂದು ಹೇಳಲೇಬೇಕಾಗುತ್ತದೆ.

ಯುರೋಕೋಡ್ ಪ್ರಕಾರ ಕೆಳಮೇಲಿನ ಆವೃತ್ತಿ 5 ಹರ್ಟ್ಸ್‌ಗಿಂತ (ಸೆಕೆಂಡಿಗೆ 5 ಸಲಕ್ಕಿಂತ), ಅಡ್ಡ ಮತ್ತು ತಿರುಚಿನ ಆವೃತ್ತಿ 2.5 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ವಿಶೇಷ ಪರಿಶೀಲನೆ ಕಡ್ಡಾಯ. 110 ಮೀಟರಿನ ಹಗುರ ಡೆಕ್ ಎರಡರಲ್ಲೂ ಕೆಳಗೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಮಿತಿಗಳು ಹೀಗಿವೆ: ಕೆಳಮೇಲಿನ ವೇಗೋತ್ಕರ್ಷ ಚದರ ಸೆಕೆಂಡಿಗೆ 0.7 ಮೀಟರ್, ಅಡ್ಡಕ್ಕೆ ಮಾಮೂಲಿ ದಿನ 0.2, ಜನಜಂಗುಳಿಯ ದಿನ 0.4. ಅಡ್ಡ ಮಿತಿ ಇಷ್ಟು ಬಿಗಿಯಾಗಿರುವುದು ಮೇಲೆ ಹೇಳಿದ ಕಾರಣಕ್ಕೆ. ಹೆಜ್ಜೆ ತಾಳ ಹಿಡಿಯುವುದು 0.1ರಿಂದ 0.15ರಲ್ಲೇ ಶುರುವಾಗುತ್ತದೆ, ಆದ್ದರಿಂದ 0.1ನ್ನೇ ಗುರಿಯಾಗಿಟ್ಟುಕೊಳ್ಳುವುದು ಜಾಣತನ. ಸೈಕಲ್ಲಿನ ಬಗ್ಗೆ ಈ ವಿಚಾರದಲ್ಲಿ ಚಿಂತೆ ಬೇಡ, ಉರುಳುವ ಗಾಲಿಗೆ ಹೆಜ್ಜೆಯಂಥ ಹೊಡೆತವಿಲ್ಲ.

ಪರಿಹಾರ ಎರಡು ಬಗೆ. ಒಂದು, ಆಕಾರವನ್ನೇ ತಿದ್ದುವುದು. ಡೆಕ್ಕನ್ನು ಅಗಲಿಸಿದರೆ ಅಡ್ಡ ಬಿಗುವು ಬಹಳ ಬೇಗ ಏರುತ್ತದೆ. ಕಂಬವನ್ನು ತಲೆಕೆಳಗಾದ ವೈ ಅಥವಾ ಎ ಆಕಾರದಲ್ಲಿಟ್ಟು ಕೇಬಲ್‌ಗಳನ್ನು ಎರಡೂ ಅಂಚಿಗೆ ತಂದರೆ ತಿರುಚು ತಗ್ಗುತ್ತದೆ. ನಡುವೆ ಒಂದೇ ಸಾಲು ಕೇಬಲ್ ಇದ್ದರೆ ತಿರುಚನ್ನು ಡೆಕ್ಕೇ ಪೂರ್ತಿ ತಡೆಯಬೇಕು, ಅದಕ್ಕೆ ಮುಚ್ಚಿದ ಪೆಟ್ಟಿಗೆಯಾಕಾರದ ಉಕ್ಕಿನ ತೊಲೆ ಬೇಕೇಬೇಕು. ಇನ್ನೊಂದು ಡ್ಯಾಂಪರ್. ಡೆಕ್‌ನ ಕೆಳಗೆ ಸ್ಪ್ರಿಂಗಿನ ಮೇಲೆ ಕೂರಿಸಿದ ತೂಕ ಸೇತುವೆಗೆ ಎದುರಾಗಿ ಅಲುಗಿ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ. 60 ಟನ್ ಅಲುಗುವ ಭಾಗಕ್ಕೆ 1.2ರಿಂದ 3 ಟನ್ ಬೇಕಾದೀತು. ಡ್ಯಾಂಪರನ್ನು ಸೇತುವೆಯ ಆವೃತ್ತಿಗೆ ಸರಿಹೊಂದಿಸದಿದ್ದರೆ ಅದು ಬರೀ ತೂಕ. ಕಂಪ್ಯೂಟರಿನ ಆವೃತ್ತಿಗೂ ಕಟ್ಟಿದ ಮೇಲಿನ ಆವೃತ್ತಿಗೂ ಶೇ. 10ರಷ್ಟು ವ್ಯತ್ಯಾಸ ಸಹಜ. ರೇಲಿಂಗ್, ಮೇಲ್ಮೈ, ಬೇರಿಂಗ್‌ಗಳ ಘರ್ಷಣೆ ಎಲ್ಲವೂ ಅದನ್ನು ಬದಲಿಸುತ್ತವೆ. ಆದ್ದರಿಂದ ಕೆಲಸ ಮುಗಿದ ಮೇಲೆ ಅಳೆದು, ಆಮೇಲೆ ಡ್ಯಾಂಪರ್ ಹೊಂದಿಸಿ, ನೂರಾರು ಜನರನ್ನು ನಡೆಸಿ ಮತ್ತೆ ಅಳೆದು, ಆನಂತರವೇ ಉದ್ಘಾಟನೆಯ ದಿನ ಗೊತ್ತುಮಾಡಬೇಕು. ಅದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಗುತ್ತಿಗೆಯ ಕರಾರಿನಲ್ಲೇ ಆ ವಾರಗಳು ಬರೆದಿರಲಿ.

ಕೇಬಲ್‌ಗಳೂ ತಾವಾಗಿ ಕುಣಿಯುತ್ತವೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಹೋವನ್‌ರಿಂಗ್ ಎಂಬ ಸೈಕಲ್ ಸೇತುವೆಯಿದೆ: ರಸ್ತೆ ಕೂಡುವ ಜಾಗದ ಮೇಲೆ, 70 ಮೀಟರ್ ಎತ್ತರದ ಒಂದೇ ಕಂಬದಿಂದ 24 ಕೇಬಲ್‌ಗಳಲ್ಲಿ ನಿಂತ 72 ಮೀಟರ್ ವ್ಯಾಸದ ಬಳೆ. ತೆರೆದ ಹೊಸತರಲ್ಲೇ ಗಾಳಿಗೆ ಕೇಬಲ್‌ಗಳು ಕಂಪಿಸಿದ್ದರಿಂದ ಮುಚ್ಚಿ, ಡ್ಯಾಂಪರ್ ಹಾಕಿ 2012ರ ಜೂನ್ ಕೊನೆಯಲ್ಲಿ ಮತ್ತೆ ತೆರೆದರು. ಮಳೆಯೂ ಗಾಳಿಯೂ ಕೂಡಿದಾಗ ಇದು ಜೋರು. ಕೇಬಲ್ ಮೇಲೆ ಇಳಿಯುವ ನೀರಿನ ಸಣ್ಣ ಧಾರೆ ಅದರ ದುಂಡನೆಯ ಆಕಾರವನ್ನು ಕೆಡಿಸುತ್ತದೆ, ಗಾಳಿ ಅದನ್ನು ಹಿಡಿದು ಎತ್ತಿಹಾಕುತ್ತದೆ. ಪ್ಲಾಸ್ಟಿಕ್ ಕೊಳವೆಯ ಹೊದಿಕೆ ಇದ್ದರೆ ಅದರ ಮೇಲೆ ಸುರುಳಿ ಸುತ್ತಿದಂಥ ಸಣ್ಣ ಏಣು ಇರಬೇಕು, ಅದು ಧಾರೆಯನ್ನು ಒಡೆಯುತ್ತದೆ. ಕೇಬಲ್ ಮತ್ತು ಡೆಕ್‌ಗಳ ಆವೃತ್ತಿ ಒಂದೇ ಆಗದಂತೆ, ಒಂದು ಇನ್ನೊಂದರ ಇಮ್ಮಡಿಯಾಗದಂತೆಯೂ ನೋಡಬೇಕು.

ಈಗ ತುಕ್ಕು. ಕೇಬಲ್‌ಗೆ ಬಿದ್ದ ಮಳೆಯೆಲ್ಲ ಓರೆಯಲ್ಲಿ ಜಾರಿ ಸೇರುವುದು ಒಂದೇ ಕಡೆ, ಕೆಳಗಿನ ಆಂಕರ್‌ಗೆ. ಅಲ್ಲಿನ ರಬ್ಬರ್ ಕಾಲರ್ ಹತ್ತಾರು ವರ್ಷದ ಬಿಸಿಲಿಗೆ ಸೀಳುತ್ತದೆ, ನೀರು ಒಳಗೆ ಇಳಿಯುತ್ತದೆ, ಹೊರಗೆ ಬರಲು ದಾರಿ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ನಕಾಶೆಯಲ್ಲಿ ಆಂಕರ್‌ನ ಅಡ್ಡಕೊಯ್ತದ ಚಿತ್ರ ತೋರಿಸಲು ಹೇಳಿ. ಕೆಳತುದಿಯಲ್ಲಿ ನೀರು ಸೋರಿಹೋಗುವ ತೂತು ಇದೆಯೆ, ಆಂಕರ್ ಡೆಕ್‌ನ ಮೇಲ್ಮೈಗಿಂತ ಎತ್ತರದಲ್ಲಿದೆಯೆ, ಮುಚ್ಚಳ ಬಿಚ್ಚಿ ಒಳಗೆ ನೋಡಬಹುದೆ, ಅಲ್ಲಿಗೆ ಕೈ ಎಟಕುತ್ತದೆಯೆ ಎಂದು ಒಂದೊಂದಾಗಿ ಕೇಳಿ.

ರಕ್ಷಣೆ ಪದರ ಪದರವಾಗಿರಬೇಕು. ಸ್ಟ್ರ್ಯಾಂಡ್ ಆದರೆ ಪ್ರತಿ ಎಳೆಗೂ ಸತು, ಎಳೆಗಳ ನಡುವೆ ಮೇಣ, ಒಂದೊಂದು ಸ್ಟ್ರ್ಯಾಂಡಿಗೂ ಪ್ಲಾಸ್ಟಿಕ್ ಹೊದಿಕೆ, ಎಲ್ಲಕ್ಕೂ ಹೊರಗೊಂದು ಕೊಳವೆ. ಲಾಕ್ಡ್ ಕಾಯಿಲ್ ಎಂಬ ಇನ್ನೊಂದು ಬಗೆಯಲ್ಲಿ ಹೊರ ಎಳೆಗಳು ಝಡ್ ಅಕ್ಷರದ ಆಕಾರದಲ್ಲಿದ್ದು ಒಂದಕ್ಕೊಂದು ಕಚ್ಚಿಕೊಂಡು ನೀರಿಗೆ ಸಂದು ಕೊಡುವುದಿಲ್ಲ. ಕಾಲುಸೇತುವೆಗಳಲ್ಲಿ ಇದು ಹೆಚ್ಚು, ಸಣ್ಣಗೆ ಅಂದವಾಗಿಯೂ ಕಾಣುತ್ತದೆ. ಕಾಂಕ್ರೀಟಿನೊಳಗೆ ಕೇಬಲ್ ಹುದುಗಿಸುವ ಹಳೆಯ ಕ್ರಮ ಬೇಡ. ಒಳಗಿನ ತುಕ್ಕನ್ನು ನೋಡಲಾಗದ ಸ್ಥಿತಿ ಏನು ತರಬಲ್ಲದು ಎಂಬುದನ್ನು 2018ರ ಆಗಸ್ಟ್ 14ರಂದು ಕುಸಿದು 43 ಜನರನ್ನು ಬಲಿ ತೆಗೆದುಕೊಂಡ ಇಟಲಿಯ ಜಿನೋವಾದ ಸೇತುವೆ ತೋರಿಸಿದೆ. ಕೇಬಲ್ ಬಿಟ್ಟು ಉಳಿದದ್ದನ್ನೆಲ್ಲ ಹೊಸದು ಮಾಡುವುದೂ ಅಷ್ಟೇ ಅಪಾಯ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ಕುಸಿದು 135 ಜೀವ ತೆಗೆದ ಹಳೆಯ ತೂಗುಸೇತುವೆ ದುರಸ್ತಿ ಮುಗಿಸಿ ತೆರೆದು ಕೆಲವೇ ದಿನಗಳಾಗಿದ್ದವು. ಮುಖ್ಯ ಕೇಬಲ್‌ನ 49 ಎಳೆಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು ಎಂದು ತನಿಖಾ ತಂಡ ಕಂಡುಕೊಂಡಿತು. ಮರದ ಹಲಗೆಯ ಜಾಗಕ್ಕೆ ಬಂದ ಅಲ್ಯೂಮಿನಿಯಂ ಹಾಸು ಅದೇ ಕೇಬಲ್ ಮೇಲೆ ಇನ್ನಷ್ಟು ಭಾರ ಹೇರಿತ್ತು.

ಕೇಬಲ್ ಬರೀ ತೋರಿಕೆಗೋ, ನಿಜವಾಗಿ ಭಾರ ಹೊರುತ್ತದೆಯೋ ಎಂಬುದನ್ನೂ ಕೇಳಿ. 2018ರ ಮಾರ್ಚ್ 15ರಂದು ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ಬಳಿ ಕಟ್ಟುವಾಗಲೇ ಕುಸಿದು ಆರು ಜನರನ್ನು ಕೊಂದ ಕಾಲುಸೇತುವೆ, ಮುಗಿದ ಮೇಲೆ ಕೇಬಲ್ ಸೇತುವೆಯಂತೆ ಕಾಣಬೇಕಿತ್ತು. ಭಾರ ಹೊರುತ್ತಿದ್ದುದು ಕಾಂಕ್ರೀಟಿನ ಟ್ರಸ್, ಎಂದರೆ ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು. ಅದರ ಓರೆ ಕಂಬ ಡೆಕ್ಕನ್ನು ಸೇರುವ ತುದಿಯಲ್ಲಿ ಲೆಕ್ಕ ತಪ್ಪಿತ್ತು, ದೊಡ್ಡ ಬಿರುಕುಗಳು ಕಂಡಿದ್ದವು, ಆದರೂ ಕೆಳಗಿನ ರಸ್ತೆ ಮುಚ್ಚಿರಲಿಲ್ಲ. ಬಿರುಕು ಬೆಳೆಯುತ್ತಿದ್ದರೆ ಮೊದಲು ಕೆಳಗಿನ ದಾರಿ ಮುಚ್ಚಬೇಕು, ಚರ್ಚೆ ಆಮೇಲೆ. ಕಟ್ಟುವ ಕಾಲದಲ್ಲಿ ಯಾರಿಗೆ ಆ ಅಧಿಕಾರವಿದೆ ಎಂದು ಹೆಸರು, ಹುದ್ದೆ ಸಹಿತ ಬರೆಸಿಕೊಳ್ಳಿ.

ಇನ್ನು ದಿನನಿತ್ಯ ಬಳಸುವವರ ಕಡೆಯಿಂದ. 4 ಮೀಟರ್ ಅಗಲ ನನಗೆ ಕಡಿಮೆ ಅನಿಸುತ್ತದೆ. ಸೈಕಲ್ ಸವಾರ ಓಡಿಸುವಾಗ ಹೊಯ್ದಾಡುವುದೂ ಸೇರಿ 1 ಮೀಟರ್ ಜಾಗ ತೆಗೆದುಕೊಳ್ಳುತ್ತಾನೆ, ರೇಲಿಂಗಿನಿಂದ ಅರ್ಧ ಮೀಟರ್ ದೂರವನ್ನೂ ತಾನಾಗಿ ಕಾಯ್ದುಕೊಳ್ಳುತ್ತಾನೆ. ಎರಡೂ ಬದಿ ಹಾಗೆ ಹೋದರೆ ಉಳಿಯುವುದು 3 ಮೀಟರ್. ಎದುರುಬದುರು ಎರಡು ಸೈಕಲ್ ಬಂದಾಗ ಮಗುವಿನ ಕೈ ಹಿಡಿದವರಿಗೆ ಜಾಗ ಸಾಲದು. ಸೈಕಲ್ಲಿಗೆ 3, ನಡೆಯುವವರಿಗೆ 2 ಮೀಟರ್, ನಡುವೆ ಸಣ್ಣ ಮಟ್ಟದ ವ್ಯತ್ಯಾಸ, ಹೀಗೆ 5 ಮೀಟರ್ ಇರಲಿ. ಅಡ್ಡ ಓಲಾಟಕ್ಕೂ ಅದು ಒಳ್ಳೆಯದೆಂದು ಆಗಲೇ ನೋಡಿದೆವು. ಸ್ಟ್ರಾಸ್‌ಬುರ್ಗ್ ಮತ್ತು ಕೇಲ್ ನಗರಗಳ ನಡುವೆ ರೈನ್ ನದಿಯ ಮೇಲೆ 2004ರಲ್ಲಿ ಕಟ್ಟಿದ ಕೇಬಲ್ ಸೇತುವೆಯಲ್ಲಿ, ವಿನ್ಯಾಸಕಾರ ಮಾರ್ಕ್ ಮಿಮ್ರಾಮ್ ನಡೆಯುವವರಿಗೂ ಸೈಕಲ್ಲಿಗೂ ಬೇರೆ ಬೇರೆ ಡೆಕ್ಕನ್ನೇ ಕೊಟ್ಟರು. ಅದರ ಮುಖ್ಯ ಸ್ಪ್ಯಾನ್ 183 ಮೀಟರ್.

ರೇಲಿಂಗ್ ಸೈಕಲ್ ಸವಾರನಿಗೆ 1.2ರಿಂದ 1.4 ಮೀಟರ್ ಎತ್ತರ ಬೇಕು, ಕಂಬಿಗಳ ಸಂದಿನಲ್ಲಿ 100 ಮಿಲಿಮೀಟರ್ ಗೋಳ ತೂರಬಾರದು. ಓರೆ ಕೇಬಲ್ ತಲೆಯ ಮಟ್ಟದಲ್ಲಿ ಸೈಕಲ್ ದಾರಿಯೊಳಗೆ ಚಾಚಿಕೊಳ್ಳುವುದು ನಕಾಶೆಯ ಮೇಲುನೋಟದಲ್ಲಿ ಗೊತ್ತಾಗುವುದಿಲ್ಲ, ಅಡ್ಡಕೊಯ್ತದಲ್ಲೇ ನೋಡಬೇಕು. ಡೆಕ್ 6 ಮೀಟರ್ ಎತ್ತರದಲ್ಲಿದ್ದರೆ ಶೇ. 5ರ ಏರಿಗೆ 120 ಮೀಟರ್ ಇಳಿಜಾರು ದಾರಿ ಬೇಕು, ಅದು ನೀರಿನ ಮೇಲಿನ ಭಾಗಕ್ಕಿಂತಲೂ ಉದ್ದ. ಎಷ್ಟೋ ಯೋಜನೆಗಳು ಸೋಲುವುದು ಇಲ್ಲೇ: ಚಿತ್ರದಲ್ಲಿ ಈ ದಾರಿ ಇರುವುದಿಲ್ಲ, ಕೊನೆಗೆ ಮೆಟ್ಟಿಲು ಮತ್ತು ಕೆಟ್ಟುನಿಂತ ಲಿಫ್ಟ್ ಉಳಿಯುತ್ತವೆ. ಗಾಲಿಕುರ್ಚಿಯವರಿಗೆ ನಡುನಡುವೆ ಸಮತಟ್ಟಾದ ತಂಗುಜಾಗವೂ ಇರಲಿ. 110 ಮೀಟರಿನ ಉಕ್ಕು 40 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು 53 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಬಿಟ್ಟ ಸಂದು ದಾರಿಗೆ ನೇರ ಅಡ್ಡಲಾಗಿದ್ದು ತಗಡು ಮುಚ್ಚಿರಬೇಕು. ಇಲ್ಲವಾದರೆ ತೆಳು ಟೈರು ಸಿಕ್ಕಿಬೀಳುತ್ತದೆ. ಮೇಲ್ಮೈಗೆ ಎಪಾಕ್ಸಿಯಲ್ಲಿ ಮರಳುಕಲ್ಲಿನ ಹರಳು ಕೂಡಿಸಿದ ಪದರ ಒಳ್ಳೆಯದು. ಒದ್ದೆ ಮರ, ಒದ್ದೆ ಗಾಜು ಎರಡೂ ಜಾರುತ್ತವೆ.

ಕಟ್ಟುವ ಹಂತದಲ್ಲಿ ನೀವು ಗಮನಿಸಬೇಕಾದ್ದು ಒಂದೇ. ಕೇಬಲ್ ಬಿಗಿಯುವುದನ್ನೂ ಮಟ್ಟ ಅಳೆಯುವುದನ್ನೂ ಸೂರ್ಯ ಏರುವ ಮೊದಲು ಮಾಡಬೇಕು. ಬಿಸಿಲಿಗೆ ಕಂಬದ ಒಂದು ಮುಖ ಕಾದು ಬಾಗುತ್ತದೆ, ಆಗಿನ ಅಳತೆ ಸುಳ್ಳು. ಬಿಗಿದ ಎಳೆತವನ್ನು ಆಮೇಲೆ ಪರೀಕ್ಷಿಸಲು ಕೇಬಲ್ಲನ್ನು ತಟ್ಟಿ ಅದು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂದು ಅಳೆಯುತ್ತಾರೆ. ಮೀಟರಿಗೆ ಎಷ್ಟು ಕಿಲೋ ತೂಕ, ಉದ್ದದ ವರ್ಗ, ಮಿಡಿತದ ವರ್ಗ, ಈ ಮೂರನ್ನೂ ಗುಣಿಸಿ ಮತ್ತೆ 4ರಿಂದ ಗುಣಿಸಿದರೆ ಎಳೆತ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಮೀಟರಿಗೆ 10 ಕಿಲೋ ತೂಗುವ 40 ಮೀಟರ್ ಕೇಬಲ್ ಸೆಕೆಂಡಿಗೆ 2.5 ಸಲ ಮಿಡಿದರೆ 4,00,000 ನ್ಯೂಟನ್, ಎಂದರೆ ಸುಮಾರು 40 ಟನ್. ಸೇತುವೆ ತೆರೆದ ದಿನ ಪ್ರತಿ ಕೇಬಲ್‌ನ ಮಿಡಿತ, ಡೆಕ್‌ನ ಮಟ್ಟ, ಕಂಬದ ವಾಲು ಇವುಗಳ ಪಟ್ಟಿ ನಗರಸಭೆಯ ಕೈಯಲ್ಲಿರಬೇಕು. ಪ್ರತಿ ವರ್ಷ ಕೆಳಗಿನ ಆಂಕರ್‌ಗಳ ಮುಚ್ಚಳ ಬಿಚ್ಚಿ ನೋಡಿ, ಅದೇ ಅಳತೆಗಳನ್ನು ಅದೇ ಹೊತ್ತಿನಲ್ಲಿ ಮತ್ತೆ ತೆಗೆಯಲಿ. ಒಂದು ಕೇಬಲ್‌ನ ಮಿಡಿತ ಶೇ. 5 ಇಳಿಯಿತು ಎಂದರೆ ಎಳೆತ ಸುಮಾರು ಶೇ. 10 ಇಳಿದಂತೆ, ಅಷ್ಟಾದರೆ ಆ ಕೇಬಲ್‌ನ ಎರಡೂ ತುದಿಗಳನ್ನು ಆ ವಾರವೇ ಪರೀಕ್ಷಿಸಬೇಕು. ಈ ಕೆಲಸಕ್ಕೆ ವರ್ಷಕ್ಕೆ ಎಷ್ಟು ಹಣ, ಯಾವ ಇಲಾಖೆಯ ಯಾವ ಲೆಕ್ಕದಿಂದ ಎಂಬುದನ್ನು ಸೇತುವೆಗೆ ಮಂಜೂರಾತಿ ಕೊಡುವ ಅದೇ ಠರಾವಿನಲ್ಲಿ ಬರೆಯಿರಿ ಎಂದು ಸಭೆಯಲ್ಲಿ ಒತ್ತಾಯಿಸಿ.